ಕೈ ತೊಳೆಸಿದರೂ ನೀರು ಗುಲಾಬಿಯಾಗದ ಲಂಚ

ಪತ್ರ: ಕಳೆದ ಸಂಚಿಕೆಯಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಪೀಕರ್ ಆಗಿದ್ದ ಶೆಲ್ಡನ್ ಸಿಲ್ವರ್ ಬಗ್ಗೆ ನಾಲ್ಕು ಸಾಲು ಬರೆದು, ಲಂಚಕ್ಕೆ 12 ವರ್ಷ ಜೈಲಾಯಿತು ಎಂದಿದ್ದೀರಿ. ನಾನು ಓದಿದಂತೆ ಆರೂವರೆ ವರ್ಷ. ಅದಿರಲಿ. ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು, ಲಂಚ ಪಡೆಯುವಾಗಲೇ ಬಲೆ ಬೀಸಿ ಹಿಡಿದ ಟ್ರ್ಯಾಪ್ ಕೇಸುಗಳ ಫೈಲು ಎಷ್ಟೋ ಹೊತ್ತಿದ್ದೇನೆ. ಇಲ್ಲಿ ಪುಡಿ ಹಚ್ಚಿದ ನೋಟಿಲ್ಲ, ಪಂಚರಿಲ್ಲ, ದೂರುದಾರನೇ ಇಲ್ಲ. ವಕೀಲನೊಬ್ಬ ವಕೀಲರ ಫೀಸು ತೆಗೆದುಕೊಂಡ. ಲಂಚ ಎಲ್ಲಿಂದ ಬಂತು? ಬಾಡಿಗೆದಾರರ ಪರ ನಿಂತವನಂತೆ, ಅದಕ್ಕೇನೂ ಬೆಲೆಯಿಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ನಮ್ಮ ತಪ್ಪು. ಸಿಲ್ವರ್‌ಗೆ ಮೂರು ಸಲ ಶಿಕ್ಷೆ ಬರೆಯಲಾಯಿತು. 2016ರ ಮೇ ತಿಂಗಳಲ್ಲಿ 12 ವರ್ಷ, 2018ರ ಜುಲೈನಲ್ಲಿ 7 ವರ್ಷ, 2020ರ ಜುಲೈನಲ್ಲಿ ಆರೂವರೆ ವರ್ಷ. ನಾವು ಮೊದಲನೆಯದಕ್ಕೇ ನಿಂತುಬಿಟ್ಟೆವು. ಜೈಲಿಗೆ ಹೋದದ್ದು 2020ರ ಆಗಸ್ಟ್‌ನಲ್ಲಿ. 2022ರ ಜನವರಿ 24ರಂದು, ಇನ್ನೂ ಕೈದಿಯಾಗಿದ್ದಾಗಲೇ, ಮ್ಯಾಸಚೂಸೆಟ್ಸ್‌ನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ವಯಸ್ಸು 77.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನೀವು ಕಂಡ ಕೇಸುಗಳಲ್ಲಿ ಲಂಚಕ್ಕೆ ಬಣ್ಣವಿತ್ತು. ಫಿನಾಫ್ತಲೀನ್ ಪುಡಿ ಹಚ್ಚಿದ ನೋಟು ಮುಟ್ಟಿದವನ ಕೈಯನ್ನು ಸೋಡಾ ದ್ರಾವಣದಲ್ಲಿ ತೊಳೆಸಿದರೆ ನೀರು ಗುಲಾಬಿಯಾಗುತ್ತದೆ, ಬಾಟಲಿಗೆ ಮೊಹರು ಬೀಳುತ್ತದೆ. ಸಿಲ್ವರ್ ಕೈಯನ್ನು ಎಷ್ಟು ಸಲ ತೊಳೆಸಿದ್ದರೂ ನೀರು ತಿಳಿಯಾಗಿಯೇ ಇರುತ್ತಿತ್ತು. ಆದರೂ ಎರಡು ಬೇರೆ ಬೇರೆ ಜ್ಯೂರಿಗಳು, 2015ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ, ಏಳೂ ಆರೋಪಗಳಲ್ಲಿ ಅವರನ್ನು ತಪ್ಪಿತಸ್ಥರೆಂದವು. ಅದು ಹೇಗೆ ಎಂದು ತಿಳಿಯಲು ಆ ಕುರ್ಚಿ ಎಂಥದ್ದು ಎಂದು ಮೊದಲು ನೋಡಬೇಕು.

ನಮ್ಮ ವಿಧಾನಸಭೆಯ ಅಧ್ಯಕ್ಷರು ಪಕ್ಷ ಮರೆತು ಕೂರಬೇಕಾದವರು (ಮರೆಯುತ್ತಾರೋ ಇಲ್ಲವೋ ಬೇರೆ ಮಾತು). ನ್ಯೂಯಾರ್ಕ್‌ನಲ್ಲಿ ಹಾಗಲ್ಲ. 150 ಸದಸ್ಯರ ಅಸೆಂಬ್ಲಿಗೆ ಸ್ಪೀಕರ್ ಎಂದರೆ ಬಹುಮತದ ಪಕ್ಷದ ನಾಯಕ. ಯಾವ ಮಸೂದೆ ಸದನಕ್ಕೆ ಬರಬೇಕು, ಯಾವುದು ಕಪಾಟಿನಲ್ಲೇ ಕೊಳೆಯಬೇಕು, ಯಾರಿಗೆ ಸಮಿತಿಯ ಅಧ್ಯಕ್ಷಗಿರಿ, ಅದರ ಜೊತೆಗೆ ಬರುವ ಭತ್ಯೆ ಯಾರಿಗೆ ಎಂಬುದೆಲ್ಲ ಅವರ ಕೈಯಲ್ಲಿ. ರಾಜ್ಯದ ಬಜೆಟ್ಟನ್ನು ಗವರ್ನರ್, ಸೆನೆಟ್ ನಾಯಕ ಮತ್ತು ಸ್ಪೀಕರ್ ಬಾಗಿಲು ಹಾಕಿಕೊಂಡು ಕೂತು ಕುದುರಿಸುತ್ತಿದ್ದರು. ಅಲ್ಲಿನವರು ಇದನ್ನು ‘ಒಂದು ಕೋಣೆಯಲ್ಲಿ ಮೂವರು’ ಎಂದು ಕರೆಯುತ್ತಾರೆ.

ಸಿಲ್ವರ್ ಆ ಕೋಣೆಯಲ್ಲಿ 1994ರಿಂದ 2015ರವರೆಗೆ ಕೂತಿದ್ದರು. ಎದುರಿನ ಗವರ್ನರ್‌ಗಳು ಐವರು ಬದಲಾದರು. ಮ್ಯಾನ್‌ಹ್ಯಾಟನ್ನಿನ ಲೋವರ್ ಈಸ್ಟ್ ಸೈಡ್‌ನ ಹಾರ್ಡ್‌ವೇರ್ ಅಂಗಡಿಯವನ ಮಗ, ಶ್ರದ್ಧಾವಂತ ಯಹೂದಿ, 1976ರಲ್ಲಿ ಗೆದ್ದವರು ಆಮೇಲೆ ಕ್ಷೇತ್ರ ಬಿಡಲೇ ಇಲ್ಲ. ಮಾತು ಬಹಳ ಕಡಿಮೆ, ಮುಖ ನೋಡಿ ಮನಸ್ಸು ಹೇಳುವಂತಿರಲಿಲ್ಲ. ಅವರ ಶಕ್ತಿಯಿದ್ದದ್ದು ಮಾಡುವುದಕ್ಕಿಂತ ತಡೆಯುವುದರಲ್ಲಿ. 2008ರಲ್ಲಿ ಮೇಯರ್ ಬ್ಲೂಮ್‌ಬರ್ಗ್ ಮ್ಯಾನ್‌ಹ್ಯಾಟನ್ನಿಗೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ಹಾಕಲು ಹೊರಟಾಗ, ಆ ಪ್ರಸ್ತಾಪ ಅಸೆಂಬ್ಲಿಯಲ್ಲಿ ಮತಕ್ಕೇ ಬರಲಿಲ್ಲ. ಶುಲ್ಕ ಜಾರಿಯಾದದ್ದು 2025ರ ಜನವರಿಯಲ್ಲಿ. ಅಂಥವರ ಬಳಿ ಯಾರೂ ‘ಇದನ್ನು ಮಾಡಿಕೊಡಿ’ ಎಂದು ಬಾಯಿಬಿಟ್ಟು ಕೇಳಬೇಕಿಲ್ಲ. ಅವರು ಅಡ್ಡ ಬರದಿದ್ದರೆ ಸಾಕು.

ಶಾಸಕರಿಗೆ ಅಲ್ಲಿ ಹೊರಗಿನ ದುಡಿಮೆಗೆ ಅವಕಾಶವಿತ್ತು. ಸಿಲ್ವರ್ ಒಂದು ದೊಡ್ಡ ಕಾನೂನು ಸಂಸ್ಥೆಗೆ ಹೆಸರಿಗೆ ವಕೀಲರಾಗಿದ್ದರು. ಆ ಸಂಸ್ಥೆಯ ಕಸುಬು ಕಲ್ನಾರಿನ ದಾವೆಗಳದ್ದು. ಕಲ್ನಾರು ಎಂದರೆ ನಮ್ಮ ಆಸ್ಬೆಸ್ಟಾಸ್ ಶೀಟಿನದ್ದೇ ನಾರು. ಆ ಧೂಳು ಕುಡಿದವರಿಗೆ ದಶಕಗಳ ನಂತರ ಮೆಸೊಥೀಲಿಯೋಮಾ ಎಂಬ ಕ್ಯಾನ್ಸರ್ ಬರಬಹುದು. ಕಂಪನಿಗಳಿಂದ ಬರುವ ಪರಿಹಾರ ದೊಡ್ಡದು, ಹಾಗಾಗಿ ವಕೀಲರಿಗೆ ಒಬ್ಬೊಬ್ಬ ರೋಗಿಯೂ ಚಿನ್ನದ ಗಣಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಈ ಕಾಯಿಲೆಯ ತಜ್ಞ ವೈದ್ಯರೊಬ್ಬರಿದ್ದರು, ಅವರಿಗೆ ಸಂಶೋಧನೆಗೆ ಹಣ ಬೇಕಿತ್ತು. ಸ್ಪೀಕರ್ ತಮ್ಮ ಸುಪರ್ದಿಯಲ್ಲಿದ್ದ ಸರ್ಕಾರಿ ನಿಧಿಯಿಂದ ತಲಾ 2,50,000 ಡಾಲರ್‌ನಂತೆ ಎರಡು ಸಲ ಕೊಡಿಸಿದರು. ವೈದ್ಯರು ರೋಗಿಗಳ ಹೆಸರನ್ನು ಸ್ಪೀಕರ್‌ಗೆ ದಾಟಿಸಿದರು, ಸ್ಪೀಕರ್ ತಮ್ಮ ಸಂಸ್ಥೆಗೆ ದಾಟಿಸಿದರು. ‘ಕೇಸು ತಂದುಕೊಟ್ಟ’ ಪಾಲೆಂದು ಅವರಿಗೆ ಬಂದದ್ದು 30 ಲಕ್ಷ ಡಾಲರಿಗೂ ಮೇಲೆ. ಆ ಕೇಸುಗಳಲ್ಲಿ ಅವರು ವಕೀಲಿ ಕೆಲಸವನ್ನೇನೂ ಮಾಡಿರಲಿಲ್ಲ. ನೀವು ಹೇಳಿದ ‘ವಕೀಲರ ಫೀಸು’ ಇದು.

ಎರಡನೆಯ ದಾರಿ ಇಷ್ಟು ಕಣ್ಣು ಕುಕ್ಕುವಂಥದ್ದಲ್ಲ. ಇಬ್ಬರು ದೊಡ್ಡ ಬಿಲ್ಡರ್‌ಗಳು ತಮ್ಮ ಆಸ್ತಿ ತೆರಿಗೆ ತಕರಾರಿನ ಕೆಲಸವನ್ನು ಸಿಲ್ವರ್ ಹೇಳಿದ ಪುಟ್ಟ ವಕೀಲ ಕಚೇರಿಗೆ ಕೊಟ್ಟರು, ಅಲ್ಲಿಂದ ಸುಮಾರು 7 ಲಕ್ಷ ಡಾಲರ್ ಸಿಲ್ವರ್ ಪಾಲಿಗೆ ಬಂತು. ಬಾಡಿಗೆ ನಿಯಂತ್ರಣವಿರಲಿ, ಕಟ್ಟಡಗಳಿಗೆ ತೆರಿಗೆ ರಿಯಾಯಿತಿ ಇರಲಿ, ಆ ಬಿಲ್ಡರ್‌ಗಳ ಜುಟ್ಟು ರಾಜ್ಯದ ರಾಜಧಾನಿ ಆಲ್ಬನಿಯ ಶಾಸನಸಭೆಯ ಕೈಯಲ್ಲಿತ್ತು.

ಬಾಡಿಗೆದಾರರ ಪರ ನಿಂತವರು ಎಂದಿರಿ. ನಿಂತಿದ್ದರು, ಅದು ಸುಳ್ಳಲ್ಲ. ಆದರೆ ಮಾಲೀಕರ ಕಡೆಯ ದುಡ್ಡು ಹಿಂಬಾಗಿಲಿನಿಂದ ಬರುತ್ತಿದೆ ಎಂಬುದು ಆ ಬಾಡಿಗೆದಾರರಿಗೆ ಗೊತ್ತಿರಲಿಲ್ಲ. ಹೀಗಿರುವಾಗ ಸಿಲ್ವರ್ ಮಾಡಿದ ಒಳ್ಳೆಯ ಕೆಲಸಕ್ಕೆ ಎಷ್ಟು ಬೆಲೆ ಕಟ್ಟಬೇಕೆಂದು ನನ್ನನ್ನು ಕೇಳುವುದಕ್ಕಿಂತ ಆ ಬಾಡಿಗೆದಾರರನ್ನೇ ಕೇಳುವುದು ಸರಿ.

ಆಮೇಲಿನದ್ದು ಕಾನೂನಿನ ಹಗ್ಗಜಗ್ಗಾಟ. 2015ರ ಜನವರಿ 22ರಂದು ಬಂಧನ, ನವೆಂಬರ್ 30ರಂದು ಜ್ಯೂರಿ ತೀರ್ಪು, ಅಂದೇ ಶಾಸಕ ಸ್ಥಾನವೂ ಹೋಯಿತು. (ನಮ್ಮಲ್ಲಿ ಸುಪ್ರೀಂ ಕೋರ್ಟಿನ 2013ರ ಲಿಲಿ ಥಾಮಸ್ ತೀರ್ಪಿನವರೆಗೆ, ಶಿಕ್ಷೆಯಾದ ಶಾಸಕ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿ ಅದು ಮುಗಿಯುವವರೆಗೆ ಕುರ್ಚಿಯಲ್ಲೇ ಕೂರಬಹುದಿತ್ತು.) 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವರ್ಜೀನಿಯಾದ ಮಾಜಿ ಗವರ್ನರ್ ಮ್ಯಾಕ್‌ಡೊನೆಲ್ ಪ್ರಕರಣದಲ್ಲಿ, ಯಾರಿಗೋ ಭೇಟಿ ಏರ್ಪಡಿಸಿದ ಮಾತ್ರಕ್ಕೆ ಅದು ಲಂಚದ ಕಾನೂನು ಹೇಳುವ ಸರ್ಕಾರಿ ಕೆಲಸವಾಗದು ಎಂದಿತು. ಆ ಎಳೆ ಹಿಡಿದು 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಸಿಲ್ವರ್ ಮೇಲಿನ ತೀರ್ಪನ್ನು ರದ್ದು ಮಾಡಿತು. ಮರುವಿಚಾರಣೆಯಲ್ಲಿ ಮತ್ತೆ ತಪ್ಪಿತಸ್ಥ. 2020ರಲ್ಲಿ ಅದೇ ಮೇಲ್ಮನವಿ ನ್ಯಾಯಾಲಯ ಏಳರಲ್ಲಿ ಮೂರು ಆರೋಪಗಳನ್ನು ತೆಗೆದುಹಾಕಿತು.

ಯಾವ ಮೂರು ಗೊತ್ತೇ? ವೈದ್ಯರದ್ದು. ಕೊಡುಕೊಳ್ಳುವ ಮಾತಾಗುವಾಗ ಯಾವ ನಿರ್ದಿಷ್ಟ ವಿಷಯಕ್ಕಾಗಿ ಎಂಬುದು ಇರಬೇಕು, ‘ಮುಂದೆ ಏನಾದರೂ ಬಂದರೆ ನೋಡಿಕೊಳ್ಳೋಣ’ ಎಂಬ ಒಪ್ಪಂದ ಸಾಲದು ಎಂದರು ನ್ಯಾಯಾಧೀಶರು. ಸಾಯುತ್ತಿರುವ ರೋಗಿಗಳ ಹೆಸರು ಕೈಬದಲಾದದ್ದು, ಓದಿದವರ ಹೊಟ್ಟೆ ತೊಳಸುವಂಥದ್ದು, ಬಿದ್ದುಹೋಯಿತು. ಯಾರಿಗೂ ಆಸಕ್ತಿ ಹುಟ್ಟಿಸದ ಆಸ್ತಿ ತೆರಿಗೆಯ ಕಥೆ ನಿಂತಿತು. ಆ ತೀರ್ಪನ್ನು ನಾನು ಗೊಣಗುತ್ತಲೇ ಒಪ್ಪುತ್ತೇನೆ. ಅಳತೆಯಿಲ್ಲದ ಕಾನೂನು ನಾಳೆ ಬೇಡದವರ ಮೇಲೂ ಬೀಳುತ್ತದೆ, ನಿಜ. ಆದರೆ ‘ಏನಾದರೂ ಬಂದರೆ’ ಎನ್ನುವುದೇ ನಮಗೆಲ್ಲ ಗೊತ್ತಿರುವ ಲಂಚದ ಭಾಷೆಯಲ್ಲವೇ? ಹಬ್ಬಕ್ಕೆ ಬರುವ ಡ್ರೈಫ್ರೂಟ್ಸ್ ಡಬ್ಬಿ ಯಾವ ಫೈಲಿಗೆಂದು ಯಾರು ಕೇಳುತ್ತಾರೆ?

ಒಂದು ಅಡ್ಡ ಮಾತು. ಸಿಲ್ವರ್ ಮೇಲೆ ಮೊಕದ್ದಮೆ ಹೂಡಿದ ಸರ್ಕಾರಿ ವಕೀಲರು ಪಂಜಾಬಿನ ಫಿರೋಜ್‌ಪುರದಲ್ಲಿ ಹುಟ್ಟಿದ ಪ್ರೀತ್ ಭರಾರಾ. 2013ರಲ್ಲಿ ಭಾರತದ ರಾಜತಾಂತ್ರಿಕ ಅಧಿಕಾರಿ ದೇವಯಾನಿ ಖೋಬ್ರಗಡೆ ಅವರನ್ನು ನ್ಯೂಯಾರ್ಕ್‌ನಲ್ಲಿ ಬಂಧಿಸಿದ ಪ್ರಕರಣದಲ್ಲಿ ನಮ್ಮವರು ಬೈದದ್ದು ಇವರನ್ನೇ.

ಸಿಲ್ವರ್‌ಗೆ ಸ್ಪೀಕರ್ ಆಗಿ ವರ್ಷಕ್ಕೆ 1,21,000 ಡಾಲರ್ ಸಂಬಳವಿತ್ತು. ಅವರು ಸತ್ತ ವರ್ಷದ ಕೊನೆಯ ದಿನ ನ್ಯೂಯಾರ್ಕ್ ರಾಜ್ಯ ಹೊಸ ಕಾನೂನು ಮಾಡಿತು: ಶಾಸಕರ ಸಂಬಳ 1,42,000 ಡಾಲರ್, ಹೊರಗಿನ ದುಡಿಮೆಗೆ 35,000ದ ಮಿತಿ. ನಮ್ಮ ಶಾಸಕರಿಗೆ ಅಂಥ ಮಿತಿಯಿಲ್ಲ. ಕಾಲೇಜು ನಡೆಸಬಹುದು, ಕ್ವಾರಿ ಇಟ್ಟುಕೊಳ್ಳಬಹುದು, ಲೇಔಟ್ ಮಾಡಬಹುದು.

ಶಿರಸ್ತೇದಾರರೇ, ನಿಮ್ಮಿಂದ ನಮಗೊಂದು ಲೇಖನ ಬೇಕು. ಹೆಸರುಗಳು ಬೇಡ, ಟ್ರ್ಯಾಪ್ ಕೇಸುಗಳ ಸಂಗತಿ ಬರೆಯಿರಿ. ಪಂಚರು ಕಟಕಟೆಯಲ್ಲಿ ಉಲ್ಟಾ ಹೊಡೆದದ್ದೂ ಇರಲಿ.

– ಸಂ.