ಉಂಡ ಮನೆ ಯಾರದು?

ಓದುಗರ ಪತ್ರ: ಮಾನ್ಯರೇ, ನಾವು ಶಿವಮೊಗ್ಗದವರು. ಹದಿನೆಂಟು ವರ್ಷಗಳಿಂದ ಬಾಸ್ಟನ್ ಹತ್ತಿರ ಇದ್ದೇವೆ. ಮೊದಮೊದಲು ತಲೆಬುಡ ತಿಳಿಯದಿದ್ದ ಬೇಸ್‌ಬಾಲ್ ಈಗ ನಮ್ಮ ಮನೆಯ ಆಟ. ಆದರೆ ನಮ್ಮ ರೆಡ್ ಸಾಕ್ಸ್ ತಂಡದ ಗೋಳು ನೋಡಿ. ಮೂಕಿ ಬೆಟ್ಸ್ ಹೋದರು, ಜಾಂಡರ್ ಬೋಗಾರ್ಟ್ಸ್ ಹೋದರು, ರಫಾಯೆಲ್ ಡೆವರ್ಸ್ ಹೋದರು. ಎಲ್ಲರಿಗೂ ದುಡ್ಡೇ ದೊಡ್ಡದು. ಬೆಳೆಸಿದ ತಂಡದ ಮೇಲೆ ನಿಯತ್ತಿಲ್ಲ, ಉಂಡ ಮನೆಗೆ ಎರಡು ಬಗೆಯುವವರು. 2023ರ ಆಗಸ್ಟ್‌ನಲ್ಲಿ ಬೆಟ್ಸ್ ಎದುರಾಳಿ ತಂಡದ ಅಂಗಿ ತೊಟ್ಟು ನಮ್ಮ ತಂಡದ ಮೈದಾನ ಫೆನ್‌ವೇ ಪಾರ್ಕ್‌ಗೆ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಏಳಲಿಲ್ಲ. ಪಕ್ಕದಲ್ಲಿದ್ದ ಮಗ ಎದ್ದು ನಿಂತ. ಅಂದಿನಿಂದ ಮನೆಯಲ್ಲಿ ಇದೇ ಜಗಳ. ಯಾರು ಸರಿ, ನೀವೇ ಹೇಳಿ.

ಸಂಪಾದಕರ ಉತ್ತರ:

ಮಗ ಸರಿ.

ಇಷ್ಟಕ್ಕೆ ನಿಲ್ಲಿಸಿದರೆ ಪುಟ ವಿನ್ಯಾಸ ಮಾಡುವವರು ಸಂತೋಷಪಡುತ್ತಿದ್ದರು. ಆದರೆ ನಿಮ್ಮ ಪತ್ರದ ಒಂದು ಮಾತು ಮೂರು ದಿನಗಳಿಂದ ನನ್ನ ಬೆನ್ನು ಬಿಟ್ಟಿಲ್ಲ. ಉಂಡ ಮನೆ ಎಂದಿರಿ. ಯಾರು ಯಾರ ಮನೆಯಲ್ಲಿ ಉಂಡರು ತಾಯೀ?

ಮೊದಲು ನಿಮ್ಮ ಕ್ರಿಯಾಪದವನ್ನು ತಿದ್ದುತ್ತೇನೆ, ಅದು ನನ್ನ ಕಸುಬು. ‘ಹೋದರು’ ಎಂದು ಮೂರು ಸಲ ಬರೆದಿದ್ದೀರಿ. ಈ ಮೂವರಲ್ಲಿ ತಾವಾಗಿ ಹೋದವರು ಬೋಗಾರ್ಟ್ಸ್ ಒಬ್ಬರೇ. ಇನ್ನಿಬ್ಬರನ್ನು ಕಳುಹಿಸಲಾಯಿತು. ಹೋಗುವುದಕ್ಕೂ ಕಳುಹಿಸುವುದಕ್ಕೂ ಇರುವ ಅಂತರ ಶಿವಮೊಗ್ಗದಲ್ಲಿ ಶಾಲೆ ಕಲಿತವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಬೆಟ್ಸ್ ಅವರ ಊಟದ ಲೆಕ್ಕವನ್ನೇ ತೆಗೆಯೋಣ. 2011ರಲ್ಲಿ ಟೆನೆಸಿಯ ಹೈಸ್ಕೂಲು ಹುಡುಗನನ್ನು ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಹಂಚಿಕೊಳ್ಳುವ ವಾರ್ಷಿಕ ಆಯ್ಕೆಯ ಐದನೇ ಸುತ್ತಿನಲ್ಲಿ ರೆಡ್ ಸಾಕ್ಸ್ ಆರಿಸಿಕೊಂಡಿತು. ಯಾವ ತಂಡ ಎಂದು ಆ ಹುಡುಗನನ್ನು ಯಾರೂ ಕೇಳಲಿಲ್ಲ, ಆ ಆಟದಲ್ಲಿ ಕೇಳುವ ಪದ್ಧತಿಯೇ ಇಲ್ಲ. ದೊಡ್ಡ ಲೀಗ್‌ಗೆ ಬಂದ ಮೇಲೆ ಆರು ವರ್ಷಗಳ ಸೇವೆ ತುಂಬುವವರೆಗೆ ಆಟಗಾರ ಬೇರೆ ತಂಡದ ಬಾಗಿಲು ತಟ್ಟುವಂತಿಲ್ಲ. ಮೊದಲ ಮೂರು ವರ್ಷ ತಂಡ ಹೇಳಿದ್ದೇ ಸಂಬಳ. 2016ರಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಎರಡನೇ ಸ್ಥಾನ ಪಡೆದಾಗ ಬೆಟ್ಸ್ ಅವರ ಸಂಬಳ ಆರು ಲಕ್ಷ ಡಾಲರನ್ನೂ ಮುಟ್ಟಿರಲಿಲ್ಲ. ಮರುವರ್ಷ 9.5 ಲಕ್ಷ. 2018ರ ಸಂಬಳಕ್ಕೆ ಅವರು 1.05 ಕೋಟಿ ಡಾಲರ್ ಕೇಳಿದರು, ತಂಡ 75 ಲಕ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದಿತು. ಮಾತು ಪಂಚಾಯಿತಿಗೆ ಹೋಗಿ ಬೆಟ್ಸ್ ಗೆದ್ದರು. ಆ ವರ್ಷ ಅವರ ಬ್ಯಾಟಿಂಗ್ ಸರಾಸರಿ .346, ಹೋಂ ರನ್ (ನಮ್ಮ ಸಿಕ್ಸರ್ ಇದ್ದಂತೆ) 32, ಎದುರಾಳಿಗಳ ಕಣ್ಣು ತಪ್ಪಿಸಿ ಓಡಿ ಕದ್ದ ಬೇಸ್ 30. ತಂಡಕ್ಕೆ 108 ಗೆಲುವು, ಮೇಲೆ ವರ್ಷದ ಕೊನೆಯ ಪ್ರಶಸ್ತಿ ಸರಣಿಯಾದ ವರ್ಲ್ಡ್ ಸೀರೀಸ್. ನಿಮ್ಮ ಮಗ ಅವತ್ತು ಕುಣಿದಿರಬೇಕು, ನೀವೂ ಕುಣಿದಿರಬೇಕು. ಆ ಹಬ್ಬದೂಟ ಬಡಿಸಿದವರು ಯಾರು?

ಹಬ್ಬ ಮುಗಿದು ಹದಿನೈದು ತಿಂಗಳಿಗೆ, 2020ರ ಫೆಬ್ರವರಿಯಲ್ಲಿ, ಬೆಟ್ಸ್ ಅವರನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಟ್ಟು ಮೂವರು ಹುಡುಗರನ್ನು ತಂದರು. ಬೆಟ್ಸ್ ಅವರೊಂದಿಗೆ ದೊಡ್ಡ ಸಂಬಳದ ಇನ್ನೊಬ್ಬ ಆಟಗಾರ ಡೇವಿಡ್ ಪ್ರೈಸ್ ಅವರನ್ನೂ ಕಟ್ಟಿ ಕಳುಹಿಸಿ, ಪ್ರೈಸ್ ಅವರ ಉಳಿದ ಸಂಬಳದಲ್ಲಿ ಅರ್ಧವನ್ನು, ಅಂದರೆ 4.8 ಕೋಟಿ ಡಾಲರನ್ನು, ತಾವೇ ಭರಿಸಿದರು. ಕಾರಣ ತೆರಿಗೆ. ಆ ವರ್ಷ ಸಂಬಳದ ಮೊತ್ತ 20.8 ಕೋಟಿ ಡಾಲರ್ ದಾಟಿದ ತಂಡ ಲೀಗ್‌ಗೆ ದಂಡ ಕಟ್ಟಬೇಕಿತ್ತು. ರೆಡ್ ಸಾಕ್ಸ್ ಹಿಂದಿನ ಎರಡು ವರ್ಷ ಮಿತಿ ದಾಟಿತ್ತು. ಮೂರನೇ ಬಾರಿ ದಾಟಿದರೆ ಹೆಚ್ಚುವರಿಯ ಮೇಲೆ ಶೇ 50, ಒಂದು ವರ್ಷ ಕೆಳಗಿಳಿದರೆ ಮತ್ತೆ ಶೇ 20ರಿಂದ ಎಣಿಕೆ. ಅಷ್ಟೇ ವಿಷಯ. ಬೆಟ್ಸ್ ಬಾಸ್ಟನ್ನನ್ನು ಬಿಟ್ಟಿದ್ದು ಒಂದು ಶೇಕಡಾವಾರು ಕೋಷ್ಟಕದ ಕೆಳಸಾಲಿನಲ್ಲಿ.

ನಿಮ್ಮ ಪಕ್ಷದ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನ ಸಂಚಿಕೆಗೆ ಇನ್ನೊಂದು ಪತ್ರ ಬರೆಯುತ್ತೀರಿ. ಬೆಟ್ಸ್ ಅವರೂ ತಂಡದ ದೀರ್ಘ ಒಪ್ಪಂದಕ್ಕೆ ಒಪ್ಪಲಿಲ್ಲ, ಮಾರುಕಟ್ಟೆಯಲ್ಲಿ ನನ್ನ ಬೆಲೆ ನೋಡುತ್ತೇನೆ ಎಂದರು. ದೀರ್ಘ ಒಪ್ಪಂದಗಳು ಮಾಲೀಕರ ಕೈ ಸುಡುವುದೂ ಉಂಟು. ಪಾಬ್ಲೊ ಸ್ಯಾಂಡೊವಾಲ್ ಅವರಿಗೆ ಐದು ವರ್ಷಕ್ಕೆ 9.5 ಕೋಟಿ ಡಾಲರ್ ಒಪ್ಪಿಕೊಂಡು, ಮೂರನೇ ವರ್ಷದ ನಡುವೆಯೇ ಇನ್ನು ಸಾಕು ಎಂದು ಮನೆಗೆ ಕಳುಹಿಸಿದ್ದನ್ನು ಬಾಸ್ಟನ್ನಿನವರು ಮರೆತಿಲ್ಲ. ಆಯಿತು, ಒಪ್ಪಿದೆ. ಆದರೆ ಗಮನಿಸಿ, ಮಾರುಕಟ್ಟೆಯ ಬೆಲೆ ನೋಡುತ್ತೇನೆ ಎಂದ ಆಸಾಮಿ ಅದೇ ಜುಲೈನಲ್ಲಿ ಮಾರುಕಟ್ಟೆಗೆ ಕಾಲಿಡದೆಯೇ ಡಾಡ್ಜರ್ಸ್ ಜೊತೆ ಹನ್ನೆರಡು ವರ್ಷಕ್ಕೆ 36.5 ಕೋಟಿ ಡಾಲರಿಗೆ ಸಹಿ ಹಾಕಿದರು. ಆ ವರ್ಷ ಡಾಡ್ಜರ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. ಕೊನೆಯ ಪಂದ್ಯದಲ್ಲಿ ಬೆಟ್ಸ್ ಹೋಂ ರನ್ ಹೊಡೆದರು. ನಿಮ್ಮವರು 24 ಗೆದ್ದು 36 ಸೋತು ತಮ್ಮ ವಿಭಾಗದಲ್ಲಿ ಕಡೆಯ ಸ್ಥಾನಕ್ಕೆ ಬಂದರು.

ಬೋಗಾರ್ಟ್ಸ್ ಹೋದರು, ಹೌದು. 2022ರ ಡಿಸೆಂಬರಿನಲ್ಲಿ, ಸ್ಯಾನ್ ಡಿಯಾಗೊಗೆ, ಹನ್ನೊಂದು ವರ್ಷಕ್ಕೆ 28 ಕೋಟಿ ಡಾಲರಿಗೆ. ಅದೇ ಮನುಷ್ಯ 2019ರಲ್ಲಿ ಮಾರುಕಟ್ಟೆಗೆ ಹೋಗುವ ಮೊದಲೇ ಆರು ವರ್ಷಕ್ಕೆ 12 ಕೋಟಿಗೆ ಬಾಸ್ಟನ್ನಿನಲ್ಲೇ ಉಳಿದಿದ್ದರು ಎಂಬುದು ಯಾಕೋ ಯಾರ ನೆನಪಿನಲ್ಲೂ ಇಲ್ಲ.

ಇನ್ನು ಡೆವರ್ಸ್. ಇವರ ಕಥೆ ಓದಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. ಬೆಟ್ಸ್ ಮತ್ತು ಬೋಗಾರ್ಟ್ಸ್ ಇಲ್ಲವಾದ ಮೇಲೆ ಜನರ ಕೋಪ ತಣಿಸಲೆಂಬಂತೆ 2023ರ ಜನವರಿಯಲ್ಲಿ ಇವರೊಂದಿಗೆ ಹತ್ತು ವರ್ಷದ ಒಪ್ಪಂದವಾಯಿತು, 31.35 ಕೋಟಿ ಡಾಲರ್. ನೀವು ಕೇಳುವ ನಿಯತ್ತು ಇದೇ ಅಲ್ಲವೇ? ಹುಡುಗ 2033ರವರೆಗೆ ನಿಮ್ಮಲ್ಲೇ ಇರುತ್ತೇನೆಂದು ಬರೆದುಕೊಟ್ಟ. 2025ರಲ್ಲಿ ಅವನು ಫೀಲ್ಡಿಂಗ್‌ಗೆ ನಿಲ್ಲುತ್ತಿದ್ದ ಥರ್ಡ್ ಬೇಸ್ ಎಂಬ ಜಾಗಕ್ಕೆ ಅಲೆಕ್ಸ್ ಬ್ರೆಗ್ಮನ್ ಅವರನ್ನು ತಂದು, ನೀನು ಅಲ್ಲಿಂದ ಏಳು, ಬರೀ ಬ್ಯಾಟ್ ಮಾಡು ಎಂದರು. ಗೊಣಗಿದರೂ ಮಾಡಿದ. ಫಸ್ಟ್ ಬೇಸ್‌ನ ಆಟಗಾರ ಗಾಯಗೊಂಡಾಗ ಈಗ ಅಲ್ಲಿ ನಿಲ್ಲು ಎಂದರು. ಆಗ ಆಗುವುದಿಲ್ಲ ಎಂದ. ಜೂನ್ 15ರ ಭಾನುವಾರ ಯಾಂಕೀಸ್ ವಿರುದ್ಧ ಹೋಂ ರನ್ ಹೊಡೆದು ಸರಣಿ ಗೆಲ್ಲಿಸಿಕೊಟ್ಟ ಆಟಗಾರನನ್ನು ಅದೇ ಸಂಜೆ ಸ್ಯಾನ್ ಫ್ರಾನ್ಸಿಸ್ಕೊ ಜಾಯಂಟ್ಸ್‌ಗೆ ದಾಟಿಸಿದರು. ವಾರ ಕಳೆಯುವಷ್ಟರಲ್ಲಿ ರೆಡ್ ಸಾಕ್ಸ್ ಅಲ್ಲಿಗೇ ಆಡಲು ಹೋಯಿತು, ಹಳೆಯ ತಂಡದ ವಿರುದ್ಧವೂ ಡೆವರ್ಸ್ ಒಂದು ಹೋಂ ರನ್ ಹೊಡೆದರು. ಹತ್ತು ವರ್ಷದ ಮಾತು ಎರಡೂವರೆ ವರ್ಷಕ್ಕೆ ಮುರಿಯಿತು. ಮುರಿದವರನ್ನು ನೀವು ನಿಮ್ಮ ಪತ್ರದಲ್ಲಿ ‘ನಮ್ಮ ತಂಡ’ ಎಂದು ಕರೆದಿದ್ದೀರಿ.

ಬಾಸ್ಟನ್ನಿನವರಿಗೆ ಇದು ಹೊಸದೂ ಅಲ್ಲ. 1919ರ ಕೊನೆಯ ವಾರದಲ್ಲಿ ಮಾಲೀಕ ಹ್ಯಾರಿ ಫ್ರೇಜೀ ಬೇಬ್ ರೂತ್ ಅವರನ್ನು ಒಂದು ಲಕ್ಷ ಡಾಲರಿಗೆ ಯಾಂಕೀಸ್‌ಗೆ ಮಾರಿದರು. ಹತ್ತು ಸಾವಿರದ ಸಂಬಳವನ್ನು ಇಪ್ಪತ್ತು ಸಾವಿರ ಮಾಡಿ ಎಂದು ರೂತ್ ಕೇಳಿದ್ದರು. ವ್ಯವಹಾರದ ಜೊತೆಗೆ ಯಾಂಕೀಸ್ ಮಾಲೀಕರಿಂದ ಫೆನ್‌ವೇ ಪಾರ್ಕ್ ಅಡವಿನ ಮೇಲೆ ಮೂರು ಲಕ್ಷದ ಸಾಲವೂ ಇತ್ತು. ಆಮೇಲೆ ಫ್ರೇಜೀ ಪತ್ರಿಕೆಗಳಿಗೆ ಹೇಳಿದ್ದು ರೂತ್ ಸ್ವಾರ್ಥಿ, ಹಿಡಿತಕ್ಕೆ ಸಿಗದವನು ಎಂದು. ನೋಡಿ, ಮೈದಾನವನ್ನೇ ಅಡವಿಟ್ಟವರು ಆಟಗಾರನ ದುರಾಸೆಯ ಬಗ್ಗೆ ಪ್ರವಚನ ಮಾಡುತ್ತಾರೆ. ನೂರು ವರ್ಷ ಕಳೆದರೂ ಪ್ರವಚನದ ಪಾಠ ಬದಲಾಗಿಲ್ಲ, ಕೇಳುವವರು ತಲೆದೂಗುವುದೂ ನಿಂತಿಲ್ಲ.

ನಿಮ್ಮ ಮಗನಿಗೆ ಇನ್ನೊಂದು ಹೆಸರು ಹೇಳಿ: ಕರ್ಟ್ ಫ್ಲಡ್. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಹನ್ನೆರಡು ವರ್ಷ ಆಡಿದವರು, ಎರಡು ವರ್ಲ್ಡ್ ಸೀರೀಸ್ ಗೆದ್ದವರು. 1969ರ ಅಕ್ಟೋಬರಿನಲ್ಲಿ ಒಂದು ದೂರವಾಣಿ ಕರೆ ಬಂತು, ನಿನ್ನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟಿದ್ದೇವೆ ಎಂದು. ಡಿಸೆಂಬರ್ 24ರಂದು ಅವರು ಲೀಗ್‌ನ ಕಮಿಷನರ್‌ಗೆ ಪತ್ರ ಬರೆದರು: ನನ್ನ ಇಚ್ಛೆಯನ್ನು ಲೆಕ್ಕಿಸದೆ ಕೊಂಡು ಮಾರುವ ಆಸ್ತಿ ನಾನಲ್ಲ. ವರ್ಷಕ್ಕೆ 90,000 ಡಾಲರ್ ಪಡೆಯುವ ಕಪ್ಪು ಆಟಗಾರ ಹೀಗೆ ಹೇಳಬಹುದೇ ಎಂದು ಮೂಗು ಮುರಿದವರಿಗೆ ಅವರು ಟಿವಿಯಲ್ಲಿ ಕೊಟ್ಟ ಉತ್ತರ, ಒಳ್ಳೆಯ ಸಂಬಳದ ಗುಲಾಮನೂ ಗುಲಾಮನೇ ಎಂದು. ಕೋರ್ಟಿಗೆ ಹೋದರು. ದೊಡ್ಡ ಲೀಗ್‌ನ ವರ್ಣಭೇದದ ಗೋಡೆ ಒಡೆದ, ಆಗಲೇ ನಿವೃತ್ತರಾಗಿದ್ದ ಜಾಕಿ ರಾಬಿನ್ಸನ್ ಬಂದು ಸಾಕ್ಷಿ ಹೇಳಿದರು. ಆಡುತ್ತಿದ್ದ ಆಟಗಾರರಲ್ಲಿ ಒಬ್ಬರೂ ಬರಲಿಲ್ಲ. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಐದಕ್ಕೆ ಮೂರು ಮತಗಳಿಂದ ಸೋತರು. ಅಷ್ಟರಲ್ಲಿ ಅವರ ಆಟವೂ ಮುಗಿದಿತ್ತು.

ಮಾಲೀಕರ ಬೇಲಿ ಕಡೆಗೂ ಮುರಿದದ್ದು ಒಂದು ವಾಕ್ಯದಲ್ಲಿ. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ, ಕ್ಷಮಿಸಿ. ಆಟಗಾರ ಸಹಿ ಹಾಕದಿದ್ದರೆ ತಂಡವು ಒಪ್ಪಂದವನ್ನು ಒಂದು ವರ್ಷಕ್ಕೆ ನವೀಕರಿಸಬಹುದು ಎಂದು ಷರತ್ತಿನಲ್ಲಿತ್ತು. ಆ ಒಂದು ವರ್ಷ ಮುಗಿದ ಮೇಲೆ ಮತ್ತೊಂದು, ಮತ್ತೊಂದು ಎಂದು ಮಾಲೀಕರು ಅದನ್ನು ಸಾಯುವವರೆಗೂ ಎಂದು ಓದುತ್ತಿದ್ದರು. ಆಂಡಿ ಮೆಸ್ಸರ್‌ಸ್ಮಿತ್ ಎಂಬ ಬೌಲರ್ (ಅಲ್ಲಿ ಪಿಚರ್ ಎನ್ನುತ್ತಾರೆ) ಡಾಡ್ಜರ್ಸ್ ತಂಡವನ್ನು ಕೇಳಿದ್ದು ಒಂದೇ, ನನ್ನನ್ನು ಕೇಳದೆ ಬೇರೆಯವರಿಗೆ ಕೊಡುವುದಿಲ್ಲ ಎಂದು ಬರೆದುಕೊಡಿ. ಅಂದರೆ ನಿಮ್ಮಲ್ಲೇ ಇರಲು ಬಿಡಿ ಎಂದ. ಬರೆದುಕೊಡಲಿಲ್ಲ. ಆತ 1975ರ ಇಡೀ ಋತು ಸಹಿ ಹಾಕದೆ ಆಡಿದ. ಡಿಸೆಂಬರ್ 23ರಂದು ಮಧ್ಯಸ್ಥಗಾರ ಪೀಟರ್ ಸೈಟ್ಸ್ ತೀರ್ಪು ಕೊಟ್ಟರು: ಒಂದು ವರ್ಷ ಎಂದರೆ ಒಂದು ವರ್ಷ. ಮಾಲೀಕರು ಆ ಮಧ್ಯಸ್ಥಗಾರರನ್ನು ತಕ್ಷಣವೇ ಕೆಲಸದಿಂದ ತೆಗೆದರು! ಇವತ್ತು ನೀವು ಬೈಯುವ ಕೋಟಿಗಳೆಲ್ಲ ಒಬ್ಬ ಮುದುಕ ಒಂದು ವಾಕ್ಯವನ್ನು ಸರಿಯಾಗಿ ಓದಿದ್ದರಿಂದ ಹುಟ್ಟಿದವು.

ನೀವು ಬೆಂಗಳೂರು ತಂಡದ ಅಭಿಮಾನಿಯೂ ಇರಬಹುದೆಂದು ಊಹಿಸುತ್ತೇನೆ, ಶಿವಮೊಗ್ಗದವರಲ್ಲವೇ. ಏಳು ಋತು ಆರ್‌ಸಿಬಿಗೆ ಬೌಲ್ ಮಾಡಿದ ಮೊಹಮ್ಮದ್ ಸಿರಾಜ್ ಅವರನ್ನು ತಂಡ ಉಳಿಸಿಕೊಳ್ಳಲಿಲ್ಲ. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ 12.25 ಕೋಟಿ ರೂಪಾಯಿಗೆ ಗುಜರಾತ್ ಕೊಂಡಿತು. ಮರು ಏಪ್ರಿಲ್‌ನಲ್ಲಿ ಅವರು ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದು 19 ರನ್ನಿಗೆ ಮೂರು ವಿಕೆಟ್ ಕಿತ್ತರು. ಅವತ್ತು ಸಿರಾಜ್ ದ್ರೋಹಿ ಎಂದು ನಿಮಗನ್ನಿಸಿತೇ? ನನಗಂತೂ ಇಲ್ಲ. ಹರಾಜಿನ ಸುತ್ತಿಗೆ ಯಾರ ಕೈಯಲ್ಲಿತ್ತು ಎಂದು ಕಣ್ಣಾರೆ ಕಂಡಿದ್ದೆವು. ಬಾಸ್ಟನ್ನಿನಲ್ಲಿ ಅದೇ ಸುತ್ತಿಗೆ ಬಾಗಿಲ ಹಿಂದೆ ಬೀಳುತ್ತದೆ, ಸದ್ದು ಕೇಳಿಸುವುದಿಲ್ಲ.

ಇಷ್ಟೆಲ್ಲ ಯಾಕೆ ಕುದಿಯುತ್ತೀರಿ ಎಂದು ಕೇಳಬಹುದು. ನಾನು ಕಸುಬು ಕಲಿತ ಪತ್ರಿಕೆಯಲ್ಲಿ ಕರಡು ತಿದ್ದುವ ಹಿರಿಯರೊಬ್ಬರಿದ್ದರು. ಇಪ್ಪತ್ತಾರು ವರ್ಷ ರಾತ್ರಿ ಪಾಳಿ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಸಂಪಾದಕೀಯವನ್ನೂ ಬಿಡದೆ ಸುತ್ತು ಹಾಕುತ್ತಿದ್ದರು. ಕಂಪ್ಯೂಟರ್ ಬಂದ ವರ್ಷ ಅವರಿಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಅದೇ ತಿಂಗಳು ನಮ್ಮೊಂದಿಗಿದ್ದ ಒಬ್ಬ ವರದಿಗಾರ ಮುನ್ನೂರು ರೂಪಾಯಿ ಹೆಚ್ಚಿಗೆ ಸಿಗುತ್ತದೆಂದು ಇನ್ನೊಂದು ಪತ್ರಿಕೆಗೆ ಹೋದ. ಮಾಲೀಕರು ನಮ್ಮೆಲ್ಲರನ್ನು ನಿಲ್ಲಿಸಿ ಹೇಳಿದರು, ಈಗಿನ ಹುಡುಗರಿಗೆ ಉಂಡ ಮನೆಯ ನೆನಪಿರುವುದಿಲ್ಲ ಎಂದು. ಆ ಹಿರಿಯರು ಮೂಲೆಯಲ್ಲಿ ತಮ್ಮ ಕೆಂಪು ಪೆನ್ನುಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ನಾನು ತಲೆ ತಗ್ಗಿಸಿ ನಿಂತಿದ್ದೆ, ಏನೂ ಹೇಳಲಿಲ್ಲ. ನಿಮ್ಮ ಪತ್ರದಲ್ಲಿ ಅದೇ ಎರಡು ಪದ ಕಂಡಾಗ ಆ ಪೆನ್ನುಗಳು ಕಣ್ಣಿಗೆ ಬಂದವು.

ಈಗ ಅಷ್ಟು ಬಾಯಿಬಿಟ್ಟು ಬೈಯುವುದೂ ಇಲ್ಲ. ತೆಗೆದುಹಾಕಿದರೆ ಪುನರ್‌ರಚನೆ, ಸಂಬಳ ಕತ್ತರಿಸಿದರೆ ವೆಚ್ಚ ನಿರ್ವಹಣೆ, ಬೆಟ್ಸ್ ಅಂಥವರನ್ನು ಮಾರಿದರೆ ಆರ್ಥಿಕ ಸಡಿಲಿಕೆ. ಈ ಪದಗಳನ್ನು ನಮ್ಮ ವಾಣಿಜ್ಯ ಪುಟಗಳೂ ಹಾಗೆಯೇ ಎತ್ತಿ ಅಚ್ಚು ಹಾಕುತ್ತವೆ. ನಮ್ಮ ಪತ್ರಿಕೆಯೂ ಹಾಕಿದೆ, ಸುಳ್ಳೇಕೆ.

2019ರ ಬೇಸಿಗೆಯಲ್ಲಿ ಮಗಳ ಮನೆಗೆ ಬಂದಿದ್ದಾಗ ಅಳಿಯ ನನ್ನನ್ನು ಫೆನ್‌ವೇಗೆ ಕರೆದೊಯ್ದಿದ್ದ. 1912ರ ಮೈದಾನ, ಕುರ್ಚಿಗಳೂ ಆ ಕಾಲದವರ ಮೊಣಕಾಲಿನ ಅಳತೆಯವು. ತವರಿನಲ್ಲಿ ಆಡುವಾಗ ರೆಡ್ ಸಾಕ್ಸ್ ಆಟಗಾರರ ಬೆನ್ನ ಮೇಲೆ ಹೆಸರಿರುವುದಿಲ್ಲ, ಅಂಕಿ ಮಾತ್ರ. ಎಂಥ ವಿನಯ ಎಂದು ಅವತ್ತು ಮೆಚ್ಚಿಕೊಂಡಿದ್ದೆ. ಬಲಗಡೆ ದೂರದಲ್ಲಿ 50 ಎಂದು ಬರೆದ ಬೆನ್ನೊಂದು ಓಡಿ ಹೋಗಿ ಚೆಂಡು ಹಿಡಿಯಿತು. ಮರುವರ್ಷ ಆ ಬೆನ್ನು ಅಲ್ಲಿರಲಿಲ್ಲ, ಅಂಗಿಯನ್ನು ಬದಲಾಯಿಸುವುದು ಸುಲಭವಾಗಿತ್ತು.

ಬೆಟ್ಸ್ ಅವರ ಒಪ್ಪಂದ 2032ರವರೆಗೆ ಇದೆ. ಡಾಡ್ಜರ್ಸ್ ಮತ್ತೆ ನಿಮ್ಮೂರಿಗೆ ಬರುತ್ತದೆ, ನಿಮ್ಮ ಮಗ ಮತ್ತೆ ಏಳುತ್ತಾನೆ. ಚಪ್ಪಾಳೆ ತಟ್ಟಲು ಮನಸ್ಸಾಗದಿದ್ದರೆ ಬೇಡ, ಸುಮ್ಮನೆ ಎದ್ದು ನಿಲ್ಲಿ. ಮುಂದಿನ ಸಾಲಿನವರು ಅಡ್ಡ ನಿಂತಿದ್ದರು, ಏನೂ ಕಾಣಿಸುತ್ತಿರಲಿಲ್ಲ, ಅದಕ್ಕೇ ಎದ್ದೆ ಎಂದು ಆಮೇಲೆ ಅವನಿಗೆ ಹೇಳಿಕೊಳ್ಳಬಹುದು.