ಮೊದಲ ದಿನ 7 ಕಿಲೋಮೀಟರ್ ಸಾಕು

ನೀನು ಕೇಳಿದ್ದು ಇಷ್ಟು: ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಮೂರು ತಿಂಗಳಾಯಿತು, ಶನಿವಾರ ಭಾನುವಾರ ರೂಮಿನಲ್ಲಿ ಕೂತು ಬೇಜಾರು, ರಿಡ್ಜ್‌ವೇ ಕಾಲುದಾರಿಯನ್ನು ಸ್ವಲ್ಪ ಸ್ವಲ್ಪವಾಗಿ ನಡೆದು ಮುಗಿಸಬಹುದಾ ಅಕ್ಕ, ಒಬ್ಬಳೇ ಹೋಗಬಹುದಾ, ಶೂ ಯಾವುದು, ಊಟಕ್ಕೇನು. 'ದುರ್ಗದ ಕೋಟೆ ಎಷ್ಟು ಸಲ ಹತ್ತಿದ್ದೇನೋ' ಅಂತ ಬೇರೆ ಸೇರಿಸಿದ್ದೀಯಾ!

ನಾನು ಈಗ ರಜಕ್ಕೆ ದಾವಣಗೆರೆಗೆ ಬಂದಿದ್ದೇನೆ. ಕೊಟ್ಟೂರು ತೇರಿಗೆ ಪಾದಯಾತ್ರೆ ಹೊರಟವರು ಬೆಳಗಿನಿಂದ ಮನೆ ಮುಂದೆ ಹಾಯುತ್ತಿದ್ದಾರೆ. ಅಪ್ಪಾಜಿ ಜಗಲಿ ಮೇಲೆ ಕೂತು ನೋಡುತ್ತಿದ್ದಾರೆ. ಉತ್ತರ ಎಲ್ಲೆಲ್ಲಿಗೋ ಹೋದರೆ ಬೇಜಾರಾಗಬೇಡ.

ಶೂ ನೀರು ಒಳಗೆ ಬಿಡದಂಥದ್ದು ತಗೋ. ಹೊಸದನ್ನು ಒಂದು ವಾರ ಊರೊಳಗೇ ಹಾಕಿ ಓಡಾಡು. ಊಟಕ್ಕೆ ಚಪಾತಿ, ಶೇಂಗಾ ಚಟ್ನಿಪುಡಿ. ಒಬ್ಬಳೇ ಹೋಗಬಹುದು, ನಾನೂ ಹೋಗಿದ್ದೇನೆ. ಎಲ್ಲಿಗೆ ಹೋಗುತ್ತೀಯಾ ಅಂತ ಒಬ್ಬರಿಗೆ ಹೇಳಿ ಹೋಗು. ಕರು ಇರುವ ಹಸುಗಳು ಕಂಡರೆ ದೂರದಿಂದ ಸುತ್ತಿ ಹೋಗು. ನಮ್ಮ ಮನೆ ದನ ಅಂದುಕೊಂಡು ಮೈ ಸವರಲು ಹೋಗಬೇಡ ಮತ್ತೆ.

2009ರಲ್ಲಿ ನಾನು ಬಂದ ಹೊಸದರಲ್ಲಿ ಗೋಧಿ ಹೊಲದ ನಡುವೆ ಹೋಗುವ ಕಾಲುದಾರಿಯ ಬಾಣದ ಗುರುತು ನೋಡಿ ಗೇಟಿನ ಹತ್ತಿರವೇ ನಿಂತುಬಿಟ್ಟಿದ್ದೆ. ಕಂಡವರ ಹೊಲ ತುಳಿಯಬಾರದು ಅಂತ ಬೆಳೆದವರಲ್ವಾ ನಾವು. ಯಾರಾದರೂ ಬೈದರೆ ಅಂತ ಬಸ್ ಹತ್ತಿ ವಾಪಸ್ ಬಂದೆ. ಆಮೇಲೆ ಗೊತ್ತಾಯಿತು, ಹೊಲ ಅವರದ್ದಾದರೂ ಆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರದ್ದು. ಬಿತ್ತಿದ ಮೇಲೂ ರೈತ ದಾರಿ ಬಿಡಲೇಬೇಕು. ಹಳದಿ ಬಾಣ ನಡೆಯುವವರಿಗೆ, ನೀಲಿ ಇದ್ದರೆ ಕುದುರೆ, ಸೈಕಲ್ಲೂ ಬರುತ್ತವೆ. ರಿಡ್ಜ್‌ವೇಗೆ ಓಕ್ ಮರದ ಕಾಯಿಯ ಗುರುತು. ಅದನ್ನು ಹಿಡಿದು ಹೋದರೆ ದಾರಿ ತಪ್ಪುವುದು ಕಡಿಮೆ.

ಒಟ್ಟು 87 ಮೈಲಿ, ಅಂದರೆ 140 ಕಿಲೋಮೀಟರ್. ಏವ್‌ಬರಿ ಹತ್ತಿರದ ಓವರ್ಟನ್ ಹಿಲ್‌ನಿಂದ ಐವಿಂಗ್‌ಹೋ ಬೀಕನ್ ತನಕ. ಆ ತುದಿಯಿಂದಲೇ ಶುರು ಮಾಡಬೇಕು ಅಂತ ಹಟ ಬೇಡ. ಗೋರಿಂಗ್‌ಗೆ ನಿಮ್ಮ ಸ್ಟೇಷನ್ನಿಂದ ನೇರ ಟ್ರೈನ್ ಇದೆ. ಮೊದಲ ದಿನ ಅಲ್ಲಿಂದ ಸೌತ್ ಸ್ಟೋಕ್ ತನಕ ಹೋಗಿ ಬಾ, ಆರೇಳು ಕಿಲೋಮೀಟರ್, ಹೆಚ್ಚು ಏರು ಇಲ್ಲ. ಆಮೇಲೆ ಪೂರ್ವದ ಕಡೆ ಮುಂದುವರಿಸು. ಪ್ರಿನ್ಸಸ್ ರಿಸ್‌ಬರೊ, ವೆಂಡೋವರ್, ಟ್ರಿಂಗ್, ಮೂರು ಕಡೆಯೂ ಸ್ಟೇಷನ್ ಸಿಗುತ್ತದೆ. ರಿಸ್‌ಬರೊದಿಂದ ವೆಂಡೋವರ್‌ಗೆ ಹೋಗುವಾಗ ಬ್ರಿಟನ್ ಪ್ರಧಾನಿಯ ಹಳ್ಳಿಮನೆ ಚೆಕರ್ಸ್‌ನ ರಸ್ತೆಯನ್ನೇ ದಾಟಿಕೊಂಡು ಹೋಗುತ್ತೀಯಾ! ಪಶ್ಚಿಮದ ಅರ್ಧ ಬಯಲು ಗುಡ್ಡ. ಊರುಗಳೆಲ್ಲ ಕೆಳಗೆ, ಮೇಲೆ ನೀರು ಸಿಗುವುದು ಅಪರೂಪ. ಮಳೆ ಬಂದರೆ ಸುಣ್ಣಕಲ್ಲಿನ ನೆಲ ನಮ್ಮ ಎರೆಮಣ್ಣಿನ ಥರ ಶೂಗೆ ಮೆತ್ತಿಕೊಳ್ಳುತ್ತದೆ, ಮೇಲೆ ಜಾರುತ್ತದೆ ಕೂಡ. ಅದನ್ನು ಬೇಸಿಗೆಗೆ ಇಟ್ಟುಕೋ.

ನೀನು ದಿನಕ್ಕೆ 25 ಕಿಲೋಮೀಟರ್ ಅಂತ ಪಟ್ಟಿ ಹಾಕಿದ್ದೀಯಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಾನೂ ಹಾಕುತ್ತಿದ್ದೆ. 2014ರ ಜುಲೈನಲ್ಲಿ ಅಪ್ಪಾಜಿ ಬಂದಿದ್ದರು. ಗೋರಿಂಗ್‌ನಿಂದ ಹೊಳೆ ದಾಟಿ, ಸ್ಟ್ರೀಟ್ಲಿ ಮೇಲಿನ ಗುಡ್ಡ ಹತ್ತಿ, ಈಸ್ಟ್ ಇಲ್ಸ್‌ಲಿ ಕಡೆ ಹೋಗಿ ಬರುವುದು, 20 ಕಿಲೋಮೀಟರ್ ಅಂತ ನನ್ನ ಲೆಕ್ಕ. ಅವರು ಪಂಚೆ ಮೇಲಕ್ಕೆ ಕಟ್ಟಿ, ನಮ್ಮ ಮನೆಯವರ ಶೂ ಹಾಕಿಕೊಂಡು ಬಂದರು. ಪ್ರತಿ ವರ್ಷ ಕೊಟ್ಟೂರಿಗೆ ನಡೆದ ಕಾಲು, ದೂರದ ಭಯ ಇರಲಿಲ್ಲ. ಆದರೆ ಅವರು ನಿಲ್ಲುತ್ತಿದ್ದರು. ಮಣ್ಣು ಎತ್ತಿ ಬೆರಳಲ್ಲಿ ಉಜ್ಜಿ, 'ಈ ಸುಣ್ಣದಾಗೆ ಗೋಧಿ ಬೆಳೀತದೇನವ್ವಾ' ಅನ್ನುತ್ತಿದ್ದರು. ಒಂದು ಗೇಟಿನ ಹತ್ತಿರ ವಯಸ್ಸಾದ ರೈತನೊಬ್ಬ ಗಾಡಿ ನಿಲ್ಲಿಸಿ ನಮಗೆ ದಾರಿ ಬಿಟ್ಟ. ಅಪ್ಪಾಜಿ ಅವನಿಗೆ ಕೈ ಮುಗಿದು, ನನ್ನ ಕಡೆ ತಿರುಗಿ, 'ಎಕರೆಗೆ ಎಷ್ಟು ಚೀಲ ಅಂತ ಕೇಳು' ಅಂದರು. ಆ ಯಜಮಾನನೂ ಎಂಜಿನ್ ಆಫ್ ಮಾಡಿ ನಗುತ್ತಾ ಕಾಯುತ್ತಿದ್ದ.

ನಾನು ಕೇಳಲಿಲ್ಲ. 'ಸುಮ್ನೆ ಬನ್ನಿ ಅಪ್ಪಾಜಿ, ಟ್ರೈನ್ ತಪ್ಪುತ್ತದೆ' ಅಂದೆ. ಟ್ರೈನಿನ ಚಿಂತೆ ಅರ್ಧ. ಪಂಚೆ, ಕೈ ಮುಗಿದದ್ದು, ಚೀಲದ ಲೆಕ್ಕ, ಇದೆಲ್ಲ ಅವತ್ತು ನನಗೆ ನಾಚಿಕೆ ಅನ್ನಿಸಿತ್ತು. ಗೋರಿಂಗ್ ಪ್ಲಾಟ್‌ಫಾರ್ಮಿನಲ್ಲಿ 40 ನಿಮಿಷ ಸುಮ್ಮನೆ ಕೂತೆವು. ಅವರ ಕೈಯಲ್ಲಿ ಒಂದು ತೆನೆ ಇತ್ತು.

140 ಕಿಲೋಮೀಟರೂ ನಾನು ಮುಗಿಸಿದ್ದೇನೆ. ಐವಿಂಗ್‌ಹೋದಲ್ಲಿ ತೆಗೆಸಿಕೊಂಡ ಫೋಟೋ ಇಲ್ಲಿ ಟಿವಿ ಪಕ್ಕದಲ್ಲೇ ಇದೆ, ಬಂದವರಿಗೆಲ್ಲ ಅಪ್ಪಾಜಿ ತೋರಿಸುತ್ತಾರೆ. ಅವರಿಗೀಗ ಮಂಡಿನೋವು. ಪಾದಯಾತ್ರೆ ಬಿಟ್ಟು ಮೂರು ವರ್ಷವಾಯಿತು. ಈಗ ತಾನೇ ಯಾರಿಗೋ ಮಜ್ಜಿಗೆ ಕೊಡಿಸಿ, ಯಾವ ಊರು, ಮೆಕ್ಕೆಜೋಳ ಎಷ್ಟಾಯಿತು ಅಂತ ಕೇಳುತ್ತಿದ್ದಾರೆ. ಅವರೂ ನಿಂತು ಹೇಳುತ್ತಿದ್ದಾರೆ.

ಜುಲೈನಲ್ಲಿ ಸ್ಟ್ರೀಟ್ಲಿ ಮೇಲೆ ಹೋದರೆ, ಯಾರಾದರೂ ರೈತರು ಸಿಕ್ಕರೆ, ಗೋಧಿ ಎಕರೆಗೆ ಎಷ್ಟು ಬರುತ್ತದೆ ಅಂತ ಕೇಳಿ ನನಗೆ ಬರಿ. ಅವರು ಟನ್ ಲೆಕ್ಕ ಹೇಳುತ್ತಾರೆ. ಚೀಲಕ್ಕೆ ನಾನು ತಿರುಗಿಸಿಕೊಳ್ಳುತ್ತೇನೆ.