ಮಣ್ಣಿನ ಗೋಡೆಗೆ ಸಿಮೆಂಟ್ ಬೇಡ ಅಣ್ಣ, ಎಸಿ ಮಾತು ಆಮೇಲೆ

ಅಣ್ಣ, "ಚಿಂತಾಮಣಿಯಲ್ಲಿರುವ ತಾತನ ಮಣ್ಣಿನ ಗೋಡೆಯ ಮನೆಯನ್ನು ಕೋವರ್ಕಿಂಗ್ ಜಾಗ (ಹಲವರು ಬಾಡಿಗೆ ಕೊಟ್ಟು ಕೂತು ಕೆಲಸ ಮಾಡುವ ಕಚೇರಿ) ಮಾಡುತ್ತಿದ್ದೇನೆ, ಎಷ್ಟು ಟನ್ ಎಸಿ ಬೇಕು" ಅಂತ ಫೋಟೋ ಹಾಕಿ ಕೇಳಿದ್ದೀರಿ. ನನ್ನ ಕಣ್ಣು ಹೋಗಿದ್ದು ಫೋಟೋದ ಮೂಲೆಗೆ. ಗೋಡೆಯ ಹಳೇ ಸುಣ್ಣದ ಗಾರೆ ಕೆತ್ತಿ ಹಾಕಿದ್ದಾರೆ, ಪಕ್ಕದಲ್ಲೇ ಸಿಮೆಂಟ್ ಮೂಟೆ. ದಯವಿಟ್ಟು ಕೆಲಸ ನಿಲ್ಲಿಸಿ. ಕೋಲಾರದ ನಮ್ಮ ತೊಟ್ಟಿ ಮನೆಗೆ ನಾನು ಮಾಡಿದ್ದೂ ಇದನ್ನೇ.

ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಎರಡೂ ಕಡೆ ಸಿಮೆಂಟ್ ಪ್ಲಾಸ್ಟರ್, ಮೇಲೆ ಪುಟ್ಟಿ, ದುಬಾರಿ ವಾಟರ್‌ಪ್ರೂಫ್ ಪೇಂಟ್. ಎರಡನೇ ಮಳೆಗಾಲಕ್ಕೆ ನೆಲದಿಂದ ಮೂರಡಿವರೆಗೆ ಬಣ್ಣ ಗುಳ್ಳೆ ಎದ್ದಿತು. ಉಗುರಲ್ಲಿ ಕೆರೆದರೆ ಬಿಳಿ ಉಪ್ಪಿನ ಪುಡಿ. ಒಂದು ದಿನ ಟೇಬಲ್ ಹಿಂದೆ ರೊಟ್ಟಿಯಗಲ ಪ್ಲಾಸ್ಟರ್ ಕಳಚಿ ಬಿತ್ತು. ತಿರುಗಿಸಿ ನೋಡಿದರೆ ಬೆನ್ನಿಗೆ ಗೋಡೆಯ ಮಣ್ಣು ಅಂಟಿತ್ತು, ಹಿಸುಕಿದರೆ ಉಂಡೆ ಆಗುವಷ್ಟು ಒದ್ದೆ. ಇಂಥ ಹಳೇ ಮನೆಗೆ ಡಿಪಿಸಿ, ಅಂದರೆ ನೆಲದ ತೇವ ಮೇಲೇರದ ಹಾಗೆ ಗೋಡೆ ಬುಡದಲ್ಲಿ ಹಾಕುವ ತಡೆ ಪದರ, ಎಲ್ಲಿರುತ್ತದೆ? ನೆಲದ ತೇವ ಗೋಡೆ ಹತ್ತುತ್ತಲೇ ಇರುತ್ತದೆ. ಗಾರೆ ಅದನ್ನು ಆರಲು ಬಿಡುತ್ತದೆ, ಸಿಮೆಂಟ್ ಒಳಗೇ ಕೂಡಿಹಾಕುತ್ತದೆ. ಆ ತೇವಕ್ಕೆ ಒಳಗಿನ ಗಾಳಿ ಜಿಗುಟಾದರೆ ಎಸಿ ಇನ್ನೂ ಜಾಸ್ತಿ ಓಡಬೇಕು, ಅಲ್ವಾ?

ಎಲ್ಲ ಕೀಳಿಸಿ ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟೆ. ಸುಟ್ಟ ಸುಣ್ಣದ ಕಲ್ಲು ತಂದು ಮೂರು ವಾರ ನೆನೆಸಿದೆವು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು, ಕಲಸಲು ಅಳಲೆಕಾಯಿ, ಬೆಲ್ಲ ನೆನೆಸಿದ ನೀರು. ಅಂಗಡಿಯ ಹಳೇ ಸ್ಟಾಕ್ ಸುಣ್ಣದ ಪುಡಿ ತರಬೇಡಿ, ಗಾಳಿ ಕುಡಿದು ಸತ್ತಿರುತ್ತದೆ. ಮಣ್ಣಿನ ಮೇಲೆ ನೇರ ಗಾರೆ ಎಲ್ಲ ಕಡೆ ಹಿಡಿಯಲ್ಲ. ಮೊದಲು ಸುಣ್ಣ ಬೆರೆಸಿದ ಮಣ್ಣಿನ ಒಂದು ಕೋಟು ಕೊಡಿ. ಗಾರೆ ತೆಳ್ಳಗಿರಲಿ, ವಾರ ಕಳೆಯುವವರೆಗೂ ನೀರು ಚಿಮುಕಿಸಿ. ಮೇಸ್ತ್ರಿ "ಒಂದು ಬಾಣಲಿ ಸಿಮೆಂಟ್ ಹಾಕೋಣ, ಬೇಗ ಗಟ್ಟಿಯಾಗುತ್ತೆ" ಅನ್ನುತ್ತಾರೆ. ಒಪ್ಪಲೇಬೇಡಿ. ಬಣ್ಣಕ್ಕೂ ಸುಣ್ಣವೇ ಸಾಕು, ಏಷಿಯನ್ ಆಗಲಿ ಬರ್ಜರ್ ಆಗಲಿ ಪ್ಲಾಸ್ಟಿಕ್ ಎಮಲ್ಷನ್ ಬೇಡ.

ಆದರೆ ಹೊರಗಿನ ರಸ್ತೆ ನಿಮ್ಮ ಜಗಲಿಗಿಂತ ಎತ್ತರ ಆಗಿದ್ದರೆ ಗಾರೆಯೂ ಉಳಿಯಲ್ಲ. ಮೊದಲು ಗೋಡೆ ಬುಡದಿಂದ ನೀರು ಆಚೆ ಹೋಗುವ ಹಾಗೆ ಚರಂಡಿ ಮಾಡಿಸಿ.

ನಿಮ್ಮ ಚಾವಣಿ ಚಪ್ಪಡಿ ಕಲ್ಲಿನದು ಅಂತ ಕಾಣುತ್ತದೆ. ಹಗಲೆಲ್ಲ ಕಾದು ಸಂಜೆ ನೆತ್ತಿಗೆ ಶಾಖ ಬಿಡುವುದು ಅದೇ. ಚಪ್ಪಡಿ ಮೇಲಿನ ಹಳೇ ಮಣ್ಣು ತೆಗೆಸದೆ ಅದರ ಮೇಲೆ ಕಾಂಕ್ರೀಟ್ ಹೇರಬೇಡಿ. ಬಿರುಕು ಬಿಟ್ಟ ಚಪ್ಪಡಿ ಹೇಳಿ ಕೇಳಿ ಮುರಿಯಲ್ಲ. ಒಂದೊಂದನ್ನೂ ನೋಡಿಸಿ, ಆಮೇಲೆ ಇಟ್ಟಿಗೆ ಜಲ್ಲಿ ಗಾರೆ, ಮೇಲೆ ಬಿಳಿ ಟೈಲ್ಸ್ ಚೂರು.

ಮನೆ ನಡುವಿನ ತೊಟ್ಟಿಗೆ, ಅಂದರೆ ಮೇಲೆ ತೆರೆದಿರುವ ಅಂಗಳಕ್ಕೆ, ಶೀಟ್ ಹೊದಿಸಿ ಮುಚ್ಚುವುದೂ ಬೇಡ. ಬಿಸಿ ಗಾಳಿ ಹೋಗಬೇಕಾದ್ದು ಅಲ್ಲಿಂದಲೇ. ಮಳೆಗೆ ಶೀಟ್ ಬೇಕೇ ಬೇಕು ಅಂದರೆ ಒಂದೂವರೆ ಅಡಿ ಎತ್ತರಿಸಿ, ಸುತ್ತ ಜಾಲರಿ ಹಾಕಿಸಿ. ನಮ್ಮ ಕಡೆ ಬೇಸಿಗೆಯಲ್ಲೂ ರಾತ್ರಿ ಗಾಳಿ ತಂಪು. ಕಿಟಕಿ ತೆರೆದಿಟ್ಟು, ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ ನೋಡಿ.

ಫ್ಯಾನ್ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟರ್‌ನದು) ತಗೊಳ್ಳಿ, ನಾನು ಆಟಂಬರ್ಗ್ ಕಂಪನಿಯದು ಹಾಕಿದ್ದೇನೆ. ಹಳೇ ಫ್ಯಾನ್ 75 ವ್ಯಾಟ್, ಇದು ಸುಮಾರು 30. ಹತ್ತು ಫ್ಯಾನ್ ದಿನಕ್ಕೆ ಹತ್ತು ಗಂಟೆ ಓಡಿದರೆ ನಾಲ್ಕೂವರೆ ಯೂನಿಟ್ ಉಳಿಯುತ್ತದೆ. ಎಸಿ ಮೀಟಿಂಗ್ ರೂಮಿಗೆ ಮಾತ್ರ, ಅದೂ ಗೋಡೆ ಒಣಗಿದ ಮೇಲೆ. ವೈರಿಂಗ್‌ಗೆ ಗೋಡೆ ಕೊರೆಸಬೇಡಿ, ತೊಲೆ ಗುಂಟ ಪೈಪ್ ಎಳೆಸಿ. ಹಾಲ್ ದೊಡ್ಡದಾಗಲಿ ಅಂತ ಗೋಡೆ ಒಡೆಯುವುದಂತೂ ಬೇಡವೇ ಬೇಡ, ಚಪ್ಪಡಿ ಭಾರವೆಲ್ಲ ಅದರ ಮೇಲಿದೆ. ಚಕ್ರದ ಟೇಬಲ್, ಮಡಚುವ ಬಿದಿರಿನ ತಟ್ಟಿ ಸಾಕು, ಬೇಕಾದಾಗ ಜಾಗ ಬದಲಾಯಿಸಬಹುದು.

ಬಿಚ್ಚದ ಸಿಮೆಂಟ್ ಮೂಟೆ ಅಂಗಡಿಗೆ ವಾಪಸ್ ಕೊಡಿ. ಒಳಗಿಂದಲೂ ಹೊರಗಿಂದಲೂ ಗೋಡೆ ಬುಡದ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.